ಸ್ಪ್ಯಾನರ್ ಎತ್ತುವ ಮೊದಲು ತಕ್ಕಡಿ ತಗೋ

ಪ್ರೀತಿಯ ಗೆಳೆಯಾ,

ಕಾರು ಮನೆಗೆ ಬಂತು ಅಂತ ನೀನು ಕಳಿಸಿದ ಫೋಟೋವನ್ನು ನಿನ್ನೆಯಿಂದ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಎರಡೇ ಸೀಟು, ಬಟ್ಟೆ ಟಾಪು, ಉದ್ದ ಬಾನೆಟ್ಟು. ಚೆನ್ನಾಗಿದೆ ಮಾರಾಯ. ಅದರ ಕೆಳಗೇ ಬರೆದಿದ್ದೀಯ, ಶನಿವಾರ ಒಳಗಿರೋದೆಲ್ಲ ಕಿತ್ತು ಹಾಕಿ ನೂರು ಕೆ.ಜಿ. ಇಳಿಸ್ತೀನಿ ಅಂತ. ಅದನ್ನು ಓದಿದ ಮೇಲೆ ಸುಮ್ನೆ ಕೂರೋಕೆ ಆಗಲಿಲ್ಲ. ಎರಡು ವರ್ಷದ ಹಿಂದೆ ನಾನೂ ಇದೇ ಕೆಲಸಕ್ಕೆ ಕೈ ಹಾಕಿದ್ದೆ, ಗೊತ್ತಲ್ಲ.

ತೂಕ ಇಳಿಸಬೇಕು ಅನ್ನೋ ನಿನ್ನ ಆಸೆ ಸರಿಯಾಗೇ ಇದೆ. 1989ರಲ್ಲಿ ಬಂದ ಮೊದಲ ಮಾಜ್ದಾ ಎಂಎಕ್ಸ್-5 ತಗೋ, 1996ರ ಲೋಟಸ್ ಎಲೀಸ್ ತಗೋ. ಇಂಜಿನ್ ಶಕ್ತಿ ಎರಡಕ್ಕೂ ಹತ್ತಿರ ಹತ್ತಿರ ಒಂದೇ, 115ರಿಂದ 118 ಅಶ್ವಶಕ್ತಿ. ಆದರೆ ಮಾಜ್ದಾ 950 ಕೆ.ಜಿ. ಆಸುಪಾಸು ಇದ್ದರೆ ಲೋಟಸ್ 725ರ ಹತ್ತಿರ. ಹಾಗಾಗಿ ಲೋಟಸ್ ಎಷ್ಟೋ ಮುಂದೆ ಓಡಿಬಿಡುತ್ತದೆ. ಅದರ ಅಲ್ಯೂಮಿನಿಯಂ ಚಾಸಿಯನ್ನು, ಅಂದರೆ ಕಾರಿನ ಅಡಿಯ ಚೌಕಟ್ಟನ್ನು, ವೆಲ್ಡ್ ಮಾಡಿಲ್ಲ, ಅಂಟಿನಿಂದ ಜೋಡಿಸಿದ್ದಾರೆ, ಬರೀ 68 ಕೆ.ಜಿ. ಅದನ್ನೆಲ್ಲ ಮನೆಯಲ್ಲಿ ಮಾಡೋಕೆ ಆಗಲ್ಲ. ನಮ್ಮ ಕೈಯಲ್ಲಿ ಆಗೋದು ಐವತ್ತೋ ಅರವತ್ತೋ ಕೆ.ಜಿ., ಅಷ್ಟಾದರೂ ಕಾರಿನ ನಡೆ ಬದಲಾಗುತ್ತದೆ.

ಕಿತ್ತು ಹಾಕುವುದು ಆಮೇಲೆ. ಮೊದಲು ಕಾರನ್ನು ವೇಬ್ರಿಡ್ಜಿಗೆ ತಗೊಂಡು ಹೋಗು. ಪೂರ್ತಿ ತೂಕ ಒಂದು ಸಲ, ಮುಂದಿನ ಎರಡು ಚಕ್ರ ಮಾತ್ರ ಮೇಲಿಟ್ಟು ಒಂದು ಸಲ. ಲಾರಿ ತೂಗುವ ಯಂತ್ರ ಅದು, ಸ್ವಲ್ಪ ಆಚೀಚೆ ತೋರಿಸಬಹುದು, ಪರವಾಗಿಲ್ಲ. ಆಮೇಲೆ ಲಗೇಜು ತೂಗುವ ಕೊಕ್ಕೆ ತಕ್ಕಡಿ ಒಂದು ತಗೋ, ಜೊತೆಗೆ ಒಂದು ನೋಟ್‌ಬುಕ್. ಬಿಚ್ಚಿದ ಪ್ರತಿಯೊಂದು ಸಾಮಾನನ್ನೂ ತೂಗು, ಎಷ್ಟಿತ್ತು ಅಂತ ಬರೆ, ಕಾರಿನಲ್ಲಿ ಎಲ್ಲಿತ್ತು ಅಂತಾನೂ ಬರೆ. ಭಾರ ಅಂದುಕೊಂಡದ್ದು ಹಗುರ ಇರುತ್ತದೆ, ಯಾರೂ ಯೋಚಿಸದ್ದು ಭಾರ ಇರುತ್ತದೆ. ನಾನು ಒಂದಿಡೀ ಭಾನುವಾರ ಕೂತು ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಲಗೆ, ಸ್ಪೀಕರು, ಸಣ್ಣಪುಟ್ಟ ಕ್ಲಿಪ್ಪು ಎಲ್ಲ ಬಿಚ್ಚಿದೆ. ಎಲ್ಲ ಸೇರಿ ಎರಡು ಕೆ.ಜಿ. ಚಿಲ್ಲರೆ. ಸಂಜೆ ಎಲ್ಲವನ್ನೂ ವಾಪಸ್ ಹಾಕಿದೆ.

ಆದರೆ ಕಾರ್ಪೆಟ್ ಎತ್ತಿದ ದಿನದ ಕಥೆಯೇ ಬೇರೆ. ಸೀಟು ಬಿಚ್ಚಿ ಈಚೆ ಇಟ್ಟು ಕಾರ್ಪೆಟ್ಟಿನ ಅಂಚು ಹಿಡಿದು ಎಳೆದೆ, ಬರಲಿಲ್ಲ. ಮತ್ತೆ ಎಳೆದಾಗ ಪಚಕ್ ಅಂತ ಸದ್ದು. ಕೆಳಗಿನ ಫೋಮ್ ಪೂರ್ತಿ ನೆನೆದಿತ್ತು, ಹಿಂಡಿದರೆ ಕಂದು ನೀರು ಮೊಣಕೈವರೆಗೂ ಇಳಿಯಿತು. ಎರಡೂ ಕಡೆಯ ಫೋಮ್ ತೂಗಿದರೆ 9.8 ಕೆ.ಜಿ. ನಾಲ್ಕು ದಿನ ಬಿಸಿಲಲ್ಲಿ ಒಣಗಿಸಿ ತೂಗಿದರೆ 3.6. ಅಂದರೆ ಆರು ಕೆ.ಜಿ.ಗಿಂತ ಜಾಸ್ತಿ ನೀರನ್ನು ಅಷ್ಟು ದಿನವೂ ಹೊತ್ತು ತಿರುಗಿದ್ದೆ. ಬಟ್ಟೆ ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಸಣ್ಣ ತೂತುಗಳಿಂದ ಕೆಳಗೆ ಇಳಿದು ಹೋಗಬೇಕು. ಅಲ್ಲಿ ಎಲೆ, ಧೂಳು ಕಟ್ಟಿಕೊಂಡಿತ್ತು, ನೀರು ಒಳಗೇ ಹರಿದಿತ್ತು. ಬಾಗಿಲ ಕೆಳಗಿನ ತಗಡನ್ನು ಹೆಬ್ಬೆರಳಿಂದ ಒತ್ತಿದೆ, ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಆ ತುಕ್ಕು ಕೆರೆದು, ತಗಡು ಕತ್ತರಿಸಿ, ಹೊಸದು ವೆಲ್ಡ್ ಮಾಡಿಸಿದ ಮೇಲೆ ಅಲ್ವಾ ನಾನು ಮುಂದಿನ ಕೆಲಸಕ್ಕೆ ಹೋದದ್ದು! ನಿನ್ನದು ಕೂಡ ಹಳೇ ಕಾರು. ಆ ತೂತುಗಳನ್ನು ಇವತ್ತೇ ನೋಡು. ಮೆತ್ತನೆಯ ಪ್ಲಾಸ್ಟಿಕ್ ಪೈಪು ತೂರಿಸು, ತಂತಿ ಬೇಡ, ಒಳಗಿನ ರಬ್ಬರು ಹರಿದು ಹೋಗುತ್ತದೆ.

ಕಾರ್ಪೆಟ್ಟಿನ ಕೆಳಗೆ ತಗಡಿಗೆ ಅಂಟಿಕೊಂಡ ಕಪ್ಪು ಡಾಂಬರಿನ ಹಾಳೆ ಕಾಣುತ್ತದೆ, ಸದ್ದು ತಡೆಯೋಕೆ ಹಾಕಿರುವುದು. ಅದರ ಮೇಲೆ ಡ್ರೈ ಐಸ್ (ಗಟ್ಟಿಯಾಗಿಸಿದ ಕಾರ್ಬನ್ ಡೈಆಕ್ಸೈಡ್) ಹರಡಿ ಹತ್ತು ನಿಮಿಷ ಬಿಟ್ಟರೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಚೂರು ಚೂರಾಗಿ ಏಳುತ್ತದೆ. ದಪ್ಪ ಗ್ಲೌಸ್ ಇಲ್ಲದೆ ಡ್ರೈ ಐಸ್ ಮುಟ್ಟಬೇಡ, ಅದು ಸೊನ್ನೆಗಿಂತ 78 ಡಿಗ್ರಿ ಕೆಳಗಿರುತ್ತದೆ. ಕಾರಿನ ಬಾಗಿಲು, ಶೆಡ್ಡಿನ ಬಾಗಿಲು ಎರಡೂ ತೆರೆದಿರಲಿ, ಅದರಿಂದ ಬರುವ ಗ್ಯಾಸು ಕೆಳಗೇ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ. ನನಗೆ ಸಿಕ್ಕಿದ್ದು ಐದೂವರೆ ಕೆ.ಜಿ. ಈಗ ಒದ್ದೆ ರಸ್ತೆಯಲ್ಲಿ ಚಕ್ರದಿಂದ ಹಾರಿದ ಪ್ರತಿ ಕಲ್ಲಿನ ಸದ್ದೂ ಒಳಗೆ ಕೇಳುತ್ತದೆ. ದೂರ ಪ್ರಯಾಣ ಮಾಡೋದಾದರೆ ಇದನ್ನು ಮುಟ್ಟಬೇಡ ಅಂತಲೇ ಹೇಳುತ್ತೇನೆ.

ಇನ್ನು ಚಕ್ರ. ಇದನ್ನು ನಿಧಾನವಾಗಿ ಓದು, ಯಾಕೆಂದರೆ ಎಲ್ಲಕ್ಕಿಂತ ಲಾಭ ಇಲ್ಲೇ ಇದೆ. ನನ್ನ ಕಾರಿಗೆ ಹಿಂದಿನ ಓನರ್ 17 ಇಂಚಿನ ದೊಡ್ಡ ಅಲಾಯ್ ಹಾಕಿಸಿದ್ದರು, ನೋಡೋಕೆ ಚೆಂದ. ಟೈರ್ ಸೇರಿಸಿ ಒಂದೊಂದು 18.6 ಕೆ.ಜಿ. ಕಾರ್ಖಾನೆಯಿಂದ ಬಂದ ಹಾಗೆ 14 ಇಂಚಿನದನ್ನೇ ಹುಡುಕಿ ಹಾಕಿದೆ, ಅದು 13.2. ನಾಲ್ಕು ಚಕ್ರಕ್ಕೆ 21 ಕೆ.ಜಿ. ಮೇಲೆ ಇಳಿಯಿತು. ಚಕ್ರದ ತೂಕ ಸ್ಪ್ರಿಂಗಿನ ಕೆಳಗಿನ ತೂಕ. ಕಾರಿನ ಬಾಡಿಯನ್ನು ಸ್ಪ್ರಿಂಗ್ ಹೊರುತ್ತದೆ, ಆದರೆ ಚಕ್ರವನ್ನು ಹೊರುವುದು ರಸ್ತೆಯೇ, ಹಾಗಾಗಿ ಗುಂಡಿ ಬಂದಾಗ ಭಾರದ ಚಕ್ರ ಎಗರಿದರೆ ಅದನ್ನು ಮತ್ತೆ ನೆಲಕ್ಕೆ ಒತ್ತಿ ಹಿಡಿಯೋಕೆ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒದ್ದಾಡುತ್ತವೆ, ಅಷ್ಟು ಹೊತ್ತು ಹಿಡಿತ ಇರಲ್ಲ. ಮೇಲಿಂದ ಅದು ತಿರುಗುವ ತೂಕ. ವೇಗ ಏರಿಸುವಾಗ ಅದನ್ನು ಮುಂದಕ್ಕೂ ತಳ್ಳಬೇಕು, ತಿರುಗಿಸಲೂ ಬೇಕು. ಟೈರಿನ ಅಂಚಿನಲ್ಲಿರುವ ಒಂದು ಕೆ.ಜಿ. ಸುಮಾರು ಎರಡು ಕೆ.ಜಿ.ಯಷ್ಟು ಶಕ್ತಿ ತಿನ್ನುತ್ತದೆ. ಚಕ್ರ ಬದಲಾಯಿಸಿದ ಸಂಜೆ ಮೊದಲ ತಿರುವಿನಲ್ಲೇ ಸ್ಟೀರಿಂಗ್ ಹಗುರಾಗಿದ್ದು ಕೈಗೆ ಗೊತ್ತಾಯಿತು, ಇದೇ ಕಾರಾ ಅನ್ನಿಸಿತು.

ಸ್ಟೆಪ್ನಿ, ಜಾಕಿ, ಟೂಲ್ಸ್ ಸೇರಿ 14 ಕೆ.ಜಿ. ಇತ್ತು, ಎಲ್ಲ ಡಿಕ್ಕಿಯಲ್ಲಿ, ಹಿಂದಿನ ಆಕ್ಸಲ್‌ಗಿಂತಲೂ ಹಿಂದೆ. ನೀರು ತುಂಬಿದ ಬಿಂದಿಗೆ ಎರಡು ಕೈಲಿ ಹಿಡಿದು, ಕೈ ಚಾಚಿ ಒಂದು ಸುತ್ತು ತಿರುಗಿ ನೋಡು. ಆಮೇಲೆ ಮೈಗೆ ಒತ್ತಿಕೊಂಡು ತಿರುಗು. ತೂಕ ಎಲ್ಲಿತ್ತು ಅಂತಾನೂ ಬರೆ ಅಂದದ್ದು ಇದಕ್ಕೇ. ಕಾರಿನ ತುದಿಯಲ್ಲಿರುವ ಭಾರ ತಿರುವಿನಲ್ಲಿ ಜಾಸ್ತಿ ಎಳೆಯುತ್ತದೆ, ನಡುವಿನದು ಅಷ್ಟಾಗಿ ಕಾಡಲ್ಲ. ಪಂಕ್ಚರ್ ಕಿಟ್ಟು, ಸಣ್ಣ ಪಂಪು ಇಟ್ಟುಕೋ, ಊರು ಬಿಟ್ಟು ಹೋಗುವ ದಿನ ಸ್ಟೆಪ್ನಿ ವಾಪಸ್ ಹಾಕು.

ಬ್ಯಾಟರಿ ಬದಲಾಯಿಸಿದ್ದರಿಂದ ಎಂಟು ಕೆ.ಜಿ. ಇಳಿಯಿತು, 11.4ರಿಂದ 3.1ಕ್ಕೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ದುಬಾರಿ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ನಿನ್ನ ಆಲ್ಟರ್ನೇಟರಿನ ವೋಲ್ಟೇಜು ಅದಕ್ಕೆ ಹೊಂದುತ್ತದಾ ಅಂತ ಮೊದಲೇ ಅಳೆದು ನೋಡು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಚಾರ್ಜ್ ಮಾಡಿದರೆ ಹಾಳಾಗುತ್ತದೆ. ಇನ್ನು ಪೆಟ್ರೋಲು, ಲೀಟರಿಗೆ ಮುಕ್ಕಾಲು ಕೆ.ಜಿ.ಗೆ ಸ್ವಲ್ಪ ಕಡಿಮೆ. 45 ಲೀಟರಿನ ಟ್ಯಾಂಕನ್ನು ಅರ್ಧ ಮಾತ್ರ ತುಂಬಿಸಿದರೆ 16 ಕೆ.ಜಿ. ಉಳಿಯಿತು, ಒಂದು ಬೋಲ್ಟೂ ಬಿಚ್ಚದೆ!

ಸೀಟಿನ ವಿಷಯ ಹುಷಾರು. ಡ್ರೈವರ್ ಸೀಟು ಬದಲಾಯಿಸಿ ನಾನೂ ಎಂಟು ಕೆ.ಜಿ. ಇಳಿಸಿದೆ, ಆದರೆ ಆ ಕಾರಿಗೆಂದೇ ಮಾಡಿದ ರೈಲ್ ಮೇಲೆ, ಗಟ್ಟಿ ಬೋಲ್ಟ್ ಹಾಕಿ, ಮೂಲ ಸೀಟ್ ಬೆಲ್ಟನ್ನೇ ಉಳಿಸಿಕೊಂಡು. ರೇಸಿನವರ ಹಾಗೆ ನಾಲ್ಕು ಪಟ್ಟಿಯ ಬೆಲ್ಟ್ ಬೇಡ. ರೋಲ್ ಬಾರ್ (ಮಗುಚಿದಾಗ ತಲೆ ಕಾಯುವ ಸೀಟಿನ ಹಿಂದಿನ ಕಬ್ಬಿಣದ ಕಮಾನು) ಇಲ್ಲದ ತೆರೆದ ಕಾರು ಮಗುಚಿದರೆ ಅದು ನಿನ್ನನ್ನು ನೆಟ್ಟಗೆ ಕೂರಿಸಿಯೇ ಇಡುತ್ತದೆ, ತಲೆ ತಗ್ಗಿಸೋಕೆ ಬಿಡಲ್ಲ. ಸೀಟಿನಲ್ಲಿ ಏರ್‌ಬ್ಯಾಗ್ ಇದ್ದರೆ ಆ ಸೀಟನ್ನು ಮುಟ್ಟಲೇಬೇಡ. ಬಾಗಿಲ ಒಳಗೆ ಅಡ್ಡಕ್ಕೆ ಒಂದು ಕಬ್ಬಿಣದ ತೊಲೆ ಇರುತ್ತದೆ, ಬಂಪರಿನ ಒಳಗೂ ಒಂದು. ಎರಡೂ ಭಾರ ಇವೆ, ಕೊಕ್ಕೆ ತಕ್ಕಡಿಗೆ ಹಾಕೋಣ ಅನ್ನಿಸುತ್ತದೆ. ಹಾಕಬೇಡ. ನಿನಗೂ ಎದುರು ಬರುವ ಲಾರಿಗೂ ನಡುವೆ ಇರುವುದು ಅಷ್ಟೇ ಕಣೋ. ಬ್ರೇಕು, ಸಸ್ಪೆನ್ಷನ್ನಿನ ಬೋಲ್ಟ್ ಬದಲು ಅಲ್ಯೂಮಿನಿಯಂ ಬೋಲ್ಟ್ ಹಾಕುವುದು, ಬ್ರಾಕೆಟ್ಟಿಗೆಲ್ಲ ಡ್ರಿಲ್ ಮಾಡಿ ತೂತು ಹೊಡೆಯುವುದು, ಇವೂ ಬೇಡ. ಗ್ರಾಂ ಲೆಕ್ಕದ ಲಾಭಕ್ಕೆ ಪ್ರಾಣ ಒತ್ತೆ ಇಡೋದು ಯಾಕೆ?

ಎಸಿ ಉಳಿಸಿಕೋ. ಮಳೆಯಲ್ಲಿ ಗಾಜಿಗೆ ಮಂಜು ಹಿಡಿದಾಗ ಬೇಗ ಒಣಗಿಸೋದು ಅದೇ. ತೆಗೆಯಲೇಬೇಕು ಅಂದರೆ ಗ್ಯಾಸನ್ನು ಗ್ಯಾರೇಜಿನಲ್ಲಿ ಮೆಷಿನ್ನಿಂದ ತೆಗೆಸು, ಪೈಪು ಬಿಚ್ಚಿ ಗಾಳಿಗೆ ಬಿಡಬೇಡ.

ನನ್ನ ಕಾರು 1,005 ಕೆ.ಜಿ. ಇದ್ದದ್ದು 940ಕ್ಕೆ ಬಂದಿದೆ. ನಾನು ಕೂತ ಮೇಲಿನ ತೂಕ ಹಿಡಿದು ಲೆಕ್ಕ ಹಾಕಿದರೆ 115 ಅಶ್ವಶಕ್ತಿಯ ಕಾರಿಗೆ ಇನ್ನೊಂದು ಏಳು ಸೇರಿದ ಹಾಗೆ. ಆದರೆ ಇಂಜಿನ್ನಿಗೆ ಏಳು ಸೇರಿಸಿದ್ದರೆ ಬ್ರೇಕು ಚೆನ್ನಾಗಿ ಹಿಡಿಯುತ್ತಿತ್ತಾ? ಟೈರು ಜಾಸ್ತಿ ದಿನ ಬಾಳುತ್ತಿತ್ತಾ? ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮರೆಯದೆ ಮಾಡಿಸು, ಭಾರ ಇಳಿದಾಗ ಕಾರು ಸ್ಪ್ರಿಂಗ್ ಮೇಲೆ ಒಂಚೂರು ಎದ್ದು ನಿಲ್ಲುತ್ತದೆ, ಚಕ್ರದ ಕೋನ ಬದಲಾಗುತ್ತದೆ.

ಶನಿವಾರ ಬೆಳಗ್ಗೆ ವೇಬ್ರಿಡ್ಜಿನ ಚೀಟಿಯ ಫೋಟೋ ಕಳಿಸು. ಕಾರ್ಪೆಟ್ ಎತ್ತುವಾಗ ಫೋನ್ ಮಾಡು, ಅಲ್ಲಿ ಏನಿದೆ ಅಂತ ನನಗೂ ನೋಡಬೇಕು.

ನಿನ್ನ ಗೆಳೆಯ