ಗುಂಡನಿಗೊಂದು ಪತ್ರ: ಹೌದು ಕಣೋ, ಓದ್ತೀನಿ

ಗುಂಡ,

ಮೊನ್ನೆ ಸ್ಕೂಲ್ ಗ್ರೂಪಿನಲ್ಲಿ, 38 ಜನರ ಮುಂದೆ, "ಇವನು ಮೆಟ್ರೋದಲ್ಲಿ ಲವ್ ಸ್ಟೋರಿ ಓದ್ತಾನಂತೆ" ಎಂದು ಹಾಕಿ ಮೂರು ನಗುವ ಮುಖ ಅಂಟಿಸಿದೆಯಲ್ಲ, ಅದಕ್ಕೆ ಉತ್ತರವನ್ನೂ ಎಲ್ಲರ ಮುಂದೆಯೇ ಕೊಡುತ್ತಿದ್ದೇನೆ. ಹೌದು ಕಣೋ, ಓದುತ್ತೇನೆ. ಮನುಷ್ಯರದ್ದಷ್ಟೇ ಯಾಕೆ, ರಕ್ತ ಕುಡಿಯುವವರದ್ದು, ತೋಳ ಆಗುವವರದ್ದು, ಚಿರತೆ ಆಗುವವರದ್ದು, ಎಲ್ಲಾ ಓದುತ್ತೇನೆ. ಯುಗಾದಿಯಿಂದ ಇಲ್ಲಿಯವರೆಗೆ 23 ಆಯಿತು. ಇದಕ್ಕೆ ನೀನು ಹಸಿರು ಕೊಡೆ ವಿಷಯ ಎತ್ತಿದರೆ ನಾನು ತುಮಕೂರು ಬಸ್ಸಿನ ವಿಷಯ ಎತ್ತಬೇಕಾಗುತ್ತದೆ. ಯೋಚನೆ ಮಾಡು.

ಶುರುವಾಗಿದ್ದು ಸುಮ್ನೆ. ಕಿಂಡಲ್ ಅಂತ ಇ-ಪುಸ್ತಕ ಓದುವ ಯಂತ್ರ ಇದೆಯಲ್ಲ, ಅದು ನನ್ನ ಹೆಂಡತಿಯದು, ಅಕೌಂಟ್ ನನ್ನದು. ಹಾಗಾಗಿ ಅವಳು ಕೊಂಡ ಪುಸ್ತಕವೆಲ್ಲ ನನ್ನ ಫೋನಿನಲ್ಲೂ ಬಂದು ಕೂರುತ್ತವೆ. ರಾಜಾಜಿನಗರದಲ್ಲಿ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಹೂಡಿಯಲ್ಲಿ ಇಳಿಯುವವನು ನಾನು. ಒಂದು ದಿನ ಆಫೀಸಿನ ಮೇಲ್ ನೋಡಲು ಬೇಜಾರಾಗಿ, ಮುಖಪುಟದಲ್ಲಿ ಷರ್ಟಿಲ್ಲದೆ ನಿಂತಿದ್ದವನ ಪುಸ್ತಕ ತೆರೆದೆ. ಟ್ರಿನಿಟಿ ಬರುವಷ್ಟರಲ್ಲಿ ಅವರಿಬ್ಬರಿಗೂ ಜಗಳ ಹತ್ತಿತ್ತು. ಬೈಯಪ್ಪನಹಳ್ಳಿ ದಾಟುವಾಗ ನಾನು ಅವಳ ಪಕ್ಷ ಸೇರಿದ್ದೆ. ಅವತ್ತು ಹೂಡಿ ದಾಟಿಹೋಗಿ ಇಳಿದಿದ್ದು ಕುಂದಲಹಳ್ಳಿಯಲ್ಲಿ.

ಈಗಿನ ಕಾಲದ ಪ್ರೇಮ ಕಾದಂಬರಿಗಳಲ್ಲಿ ಕೆಲವು ಮಾಮೂಲಿ ದಾರಿಗಳಿವೆ. ಆಫೀಸಿನಲ್ಲಿ ಕಚ್ಚಾಡುವವರು ಪ್ರೇಮಿಗಳಾಗುತ್ತಾರೆ. ಸುಳ್ಳು ಸುಳ್ಳೇ ಜೋಡಿ ಎಂದು ನಾಟಕ ಮಾಡುವವರು ನಿಜವಾಗಿಯೂ ಜೋಡಿಯಾಗುತ್ತಾರೆ. ನನಗೆ ಬಹಳ ನಗು ಬರುವುದು 'ಒಂದೇ ಮಂಚ'ದ ದಾರಿಗೆ. ಮುಖ ಕಂಡರಾಗದ ಇಬ್ಬರು ಹಿಮದಲ್ಲಿ ಸಿಕ್ಕಿಕೊಂಡು ಒಂದು ಲಾಡ್ಜಿಗೆ ಬರುತ್ತಾರೆ. ಖಾಲಿ ಇರುವುದು ಒಂದೇ ರೂಮು, ಅದರಲ್ಲಿ ಒಂದೇ ಮಂಚ. ಅಷ್ಟಕ್ಕೇ ನಲವತ್ತು ಪುಟ ಎದೆ ಹೊಡೆದುಕೊಳ್ಳುತ್ತದೆ. ನಾವು ಮದುವೆ ಛತ್ರದಲ್ಲಿ ಒಂದೇ ಜಮಖಾನದ ಮೇಲೆ ಹದಿನಾಲ್ಕು ಜನ ಮಲಗಿ ಬೆಳೆದವರು ಗುರೂ. ನಿಮ್ಮ ಚಿಕ್ಕಪ್ಪನ ಕಾಲು ರಾತ್ರಿಯೆಲ್ಲ ನನ್ನ ಮುಖದ ಮೇಲಿತ್ತು. ಏನೂ ಹುಟ್ಟಲಿಲ್ಲ.

ಆಮೇಲೆ ಕೋಟ್ಯಧಿಪತಿ ಹೀರೋ. ಅವನಿಗೆ ಸ್ವಂತ ವಿಮಾನ ಇರಬೇಕು. ಬೆಂಗಳೂರಿನಲ್ಲಿ ಅಷ್ಟೆಲ್ಲ ಬೇಡ. ರಿಂಗ್ ರೋಡಿನ ಒಳಗೆ 30×40 ಸೈಟು, ಏ ಖಾತಾ, ಕಾವೇರಿ ನೀರು, ಇಷ್ಟಿದ್ದರೆ ಹುಡುಗಿಯ ಕಡೆಯವರೆಲ್ಲ ಮೊದಲ ಅಧ್ಯಾಯದಲ್ಲೇ ಕರಗಿ ನೀರಾಗುತ್ತಾರೆ. ಬಿ ಖಾತಾದವನು ಎರಡನೇ ಹೀರೋ. ಪಾಪ ಒಳ್ಳೆಯವನೇ, ಮಳೆಯಲ್ಲಿ ನೆನೆದು ಅವಳಿಗೆ ಔಷಧಿ ತಂದುಕೊಡುತ್ತಾನೆ. ಆದರೆ ಅವಳು ಸಿಗುವುದಿಲ್ಲ.

ಇವುಗಳಿಗೆಲ್ಲ ಒಂದು ಕಟ್ಟುನಿಟ್ಟು ಇದೆ. ಕೊನೆ ಸುಖವಾಗಿರಲೇಬೇಕು. ಹೀರೋ ಸತ್ತರೆ, ಜೋಡಿ ಮುರಿದರೆ, ಅದು ರೊಮಾನ್ಸೇ ಅಲ್ಲ ಎಂದು ಅಲ್ಲಿಯ ಓದುಗರು ಜಗಳಕ್ಕೆ ನಿಲ್ಲುತ್ತಾರೆ. ನನಗೆ ಅಮ್ಮ ನೆನಪಾದಳು. ನಮ್ಮ ಬೀದಿ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಅವಳಿಗೆ ಕಾದಂಬರಿ ತಂದುಕೊಡುತ್ತಿದ್ದವನು ನಾನು. ಜೊತೆಗೆ ಬರುತ್ತಿದ್ದ ನೀನು ಮಿಲ್ಸ್ ಅಂಡ್ ಬೂನ್ ಕಂಪನಿಯ ಇಂಗ್ಲಿಷ್ ಪ್ರೇಮ ಕಾದಂಬರಿ ಇಟ್ಟ ಕಪಾಟಿನ ಹತ್ತಿರವೇ ಷೂ ಲೇಸ್ ಕಟ್ಟಿಕೊಳ್ಳುತ್ತಿದ್ದೆ. (ಹಾಕಿದ್ದು ಹವಾಯಿ ಚಪ್ಪಲಿ.) ಆ ಕಂಪನಿ ಲಂಡನ್ನಿನಲ್ಲಿ ಹುಟ್ಟಿದ್ದು 1908ರಲ್ಲಿ, ನಮ್ಮ ದೇಶದಲ್ಲೇ ಬಂದು ಅಂಗಡಿ ಇಟ್ಟಿದ್ದು ಸರಿಯಾಗಿ ನೂರು ವರ್ಷ ಆದಮೇಲೆ, 2008ರಲ್ಲಿ. ಅಷ್ಟರಲ್ಲಿ ನಮ್ಮ ಲೈಬ್ರರಿ ಮುಚ್ಚಿ ಅಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಬಂದಿತ್ತು. ಅಮ್ಮ ಓದುತ್ತಿದ್ದುದು ತ್ರಿವೇಣಿ. 'ಬೆಳ್ಳಿಮೋಡ'ದ ಇಂದಿರಾ, ಆಸ್ತಿ ಕೈತಪ್ಪುತ್ತದೆ ಎಂದಾಗ ಬೇಡ ಎಂದವನು ಕೊನೆಯಲ್ಲಿ ತಾನಾಗಿಯೇ ಬಂದು ಕೇಳಿದರೂ ಒಲ್ಲೆ ಎನ್ನುತ್ತಾಳಲ್ಲ, ಅಮ್ಮ ಪುಸ್ತಕ ಮುಚ್ಚಿ "ಸರಿಯಾಗಿ ಮಾಡಿದಳು" ಎಂದು ಅಕ್ಕಿ ಆರಿಸಲು ಕೂರುತ್ತಿದ್ದಳು. ಈಗಿನ ಲೆಕ್ಕದಲ್ಲಿ ಅದು ರೊಮಾನ್ಸ್ ಅಲ್ಲವಂತೆ! ಅಮ್ಮನಿಗೆ ಹೇಳಿದ್ದರೆ ಮೊರದಲ್ಲೇ ಬಾರಿಸುತ್ತಿದ್ದಳು.

ಇನ್ನು ದೆವ್ವ ಭೂತಗಳ ಪ್ರೇಮಕ್ಕೆ, ಇಂಗ್ಲಿಷಿನವರ 'ಪ್ಯಾರಾನಾರ್ಮಲ್ ರೊಮಾನ್ಸ್'ಗೆ ಬರೋಣ. 2005ರಲ್ಲಿ ಬಂದು ಲೋಕವನ್ನೆಲ್ಲ ಮರುಳು ಮಾಡಿತಲ್ಲ 'ಟ್ವೈಲೈಟ್', ಅದರ ಹುಡುಗ ಹುಟ್ಟಿದ್ದು 1901ರಲ್ಲಿ. 1918ರ ಜ್ವರದಲ್ಲಿ ಸಾಯಬೇಕಾದವನು ರಕ್ತ ಕುಡಿಯುವ ವ್ಯಾಂಪೈರ್ ಆಗಿ ಉಳಿದ. ನೂರು ದಾಟಿದವನು ಇನ್ನೂ ಹೈಸ್ಕೂಲಿಗೆ ಹೋಗುತ್ತಾನೆ. ರಾತ್ರಿ ಹುಡುಗಿಯ ಕಿಟಕಿ ದಾಟಿ ಬಂದು ಅವಳು ನಿದ್ದೆ ಮಾಡುವುದನ್ನು ನೋಡುತ್ತಾ ಕೂರುತ್ತಾನೆ. ನಮ್ಮ ಬೀದಿಯಲ್ಲಾಗಿದ್ದರೆ ಕಂಬಕ್ಕೆ ಕಟ್ಟುತ್ತಿದ್ದರು. ಆ ಕಥೆಯ ಮೇಲಿನ ಅಭಿಮಾನಕ್ಕೆ ಒಬ್ಬ ಓದುಗಿ ಬರೆದದ್ದೇ ಬೆಳೆದು 2011ರಲ್ಲಿ ಕೋಟ್ಯಧಿಪತಿ ಹೀರೋ ಇರುವ 'ಫಿಫ್ಟಿ ಶೇಡ್ಸ್ ಆಫ್ ಗ್ರೇ', ಅಂದರೆ ಆ 'ಐವತ್ತು ಛಾಯೆ'ಗಳ ಪುಸ್ತಕವಾಯಿತು. ಅಂದರೆ ವ್ಯಾಂಪೈರ್ ಹಲ್ಲು ಕೀಳಿಸಿಕೊಂಡು ಕೋಟ್ಯಧಿಪತಿಯಾದ. ಇದು ಗೊತ್ತಾದ ದಿನದಿಂದ ಎರಡು ಬಗೆಯ ಪುಸ್ತಕವನ್ನೂ ನಾನು ಒಂದೇ ಕಪಾಟಿನಲ್ಲಿಟ್ಟಿದ್ದೇನೆ.

ಹಳೆಯ ವ್ಯಾಂಪೈರ್ ಕಥೆಗಳಲ್ಲಿ ಒಂದು ಮರ್ಯಾದೆಯಿದೆ. ಮನೆಯವರು ಒಳಗೆ ಬಾ ಎನ್ನದೆ ಅವನು ಹೊಸ್ತಿಲು ದಾಟುವಂತಿಲ್ಲ. ಅದನ್ನು ಓದುವಾಗ ತೊಂಬತ್ತರ ದಶಕದ ನಮ್ಮ ದೆವ್ವ ನೆನಪಾಯಿತು. ರಾತ್ರಿ ಬಾಗಿಲು ಬಡಿಯುತ್ತದೆ, ಮನೆಯವರ ದನಿಯಲ್ಲೇ ಕರೆಯುತ್ತದೆ, ತೆಗೆದರೆ ಕಥೆ ಮುಗಿಯಿತು. ಅದಕ್ಕೆ ನಮ್ಮ ಊರಿನವರು ಕಂಡುಕೊಂಡ ಉಪಾಯ ನೋಡು. ಬಾ ಎನ್ನಲಿಲ್ಲ, ಬರಬೇಡ ಎನ್ನಲೂ ಇಲ್ಲ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ಮಲಗಿದರು. ಸರ್ಕಾರಿ ಕಚೇರಿಯಲ್ಲಿ ತಾವು ಕೇಳಿಸಿಕೊಂಡು ಬಂದ ಮಾತನ್ನೇ ದೆವ್ವಕ್ಕೂ ಹೇಳಿದರು! ಅದೂ ಪಾಪ ದಿನಾ ಬಂದು ಓದಿಕೊಂಡು ವಾಪಸ್ ಹೋಗುತ್ತಿತ್ತಂತೆ. ಅಕ್ಷರ ಚೆನ್ನಾಗಿದೆ ಎಂದು ಇಡೀ ಬೀದಿಗೆ ಬರೆದವನು ನೀನು. ನಮ್ಮ ಮನೆಗೆ ನಾನೇ ಬರೆಯುತ್ತೇನೆಂದು ಹಟ ಮಾಡಿ 'ನಾಳೆ ಭಾ' ಎಂದು ಬರೆದಿದ್ದೆ. ಹೌದು, ಅದಕ್ಕೇ. ಸಾಕು ನಗಬೇಡ.

ಇಂಥವನ್ನು ಬರೆಯುವವರಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ನಳಿನಿ ಸಿಂಗ್. ಫಿಜಿಯಲ್ಲಿ ಹುಟ್ಟಿ ನಿನ್ನ ನ್ಯೂಜಿಲೆಂಡಿನಲ್ಲಿ ಬೆಳೆದವರು. ಅಲ್ಲಿ ಇಷ್ಟು ವರ್ಷ ಇದ್ದು ಒಂದು ಪುಸ್ತಕವನ್ನೂ ಓದಿಲ್ಲವಲ್ಲ, ಬರೀ ಕುರಿ ಫೋಟೋ ಕಳಿಸುತ್ತೀಯ. 2006ರಲ್ಲಿ ಶುರುವಾದ ಅವರ ಒಂದು ಸರಣಿಯಲ್ಲಿ 'ಸೈ' ಎಂಬ ಜನ ಇದ್ದಾರೆ. ಮನಸ್ಸಿನ ಶಕ್ತಿಯಲ್ಲಿ ಗಟ್ಟಿಗರು. ಆದರೆ ತಮ್ಮವರಲ್ಲಿ ಹುಚ್ಚು, ಕೊಲೆ ಜಾಸ್ತಿಯಾಯಿತೆಂದು ಹೆದರಿ, ಮಕ್ಕಳಿಗೆ ಚಿಕ್ಕಂದಿನಿಂದಲೇ ಯಾವ ಭಾವನೆಯೂ ಇಲ್ಲದಂತೆ ಬದುಕುವುದನ್ನು ಕಲಿಸುತ್ತಾರೆ. ಅದರ ಹೆಸರು ಸೈಲೆನ್ಸ್. ಅವರ ಎದುರಿಗೆ ಚಿರತೆ, ತೋಳಗಳಾಗಿ ಮಾರ್ಪಡುವ ಇನ್ನೊಂದು ಜನ. ಇವರು ಬೇಜಾರಾದರೆ ಒಬ್ಬರಿಗೊಬ್ಬರು ಒರಗಿ ಕೂರುತ್ತಾರೆ, ತಲೆ ಸವರುತ್ತಾರೆ, ಮುಟ್ಟದೆ ಬದುಕುವುದೇ ಇವರಿಗೆ ಗೊತ್ತಿಲ್ಲ. ಕಥೆಯಲ್ಲಿ ಆ ಸೈಲೆನ್ಸ್ ಜಾರಿಗೆ ಬಂದ ವರ್ಷ 1979. ನಾವಿಬ್ಬರೂ ಹುಟ್ಟಿದ ವರ್ಷ ಕಣೋ. ನಮ್ಮಪ್ಪ, ನಿಮ್ಮಪ್ಪ ಇಬ್ಬರಿಗೂ ಆ ಸುತ್ತೋಲೆಯ ಪ್ರತಿ ತಲುಪಿತ್ತು ಅನ್ನಿಸುತ್ತದೆ.

ಸರಿ. ಬರೆಯಬೇಕು ಅಂದುಕೊಂಡಿದ್ದು ಇಷ್ಟೇ. ಇನ್ನೊಂದು ವಿಷಯ ಇದೆ.

ಓದುತ್ತಾ ಹೋದಂತೆ ಅಲ್ಲಲ್ಲಿ ಕೆಲವು ಸಾಲುಗಳಿಗೆ ಹಳದಿ ಬಣ್ಣ ಬಳಿದಿರುವುದು ಕಾಣಿಸಿತು. ಬಹಳ ಜನ ಗೆರೆ ಹಾಕಿದ ಸಾಲನ್ನು ಕಿಂಡಲ್ ತಾನೇ ತೋರಿಸುತ್ತದಲ್ಲ, ಎಷ್ಟು ಜನ ಎಂಬ ಲೆಕ್ಕದ ಸಮೇತ, ಇವೂ ಅಂಥವೇ ಎಂದುಕೊಂಡಿದ್ದೆ. ಆದರೆ ಎಂಥ ಸಪ್ಪೆ ಸಾಲಿಗೆ ಬಣ್ಣ ಹಾಕಿದ್ದಾರಪ್ಪ ಎಂದು ಆಶ್ಚರ್ಯ. ಆಮೇಲೆ ನೋಡಿದರೆ ಲೆಕ್ಕವೇ ಇಲ್ಲ. ಅದು ಒಬ್ಬಳೇ ಓದುಗಿಯ ಕೆಲಸ. ನಮ್ಮ ಮನೆಯ ಓದುಗಿ.

ಮುತ್ತಿನ ಪುಟಗಳು ಬೆಳ್ಳಗೇ ಇವೆ. ಅದನ್ನು ಮೊದಲು ನೋಡಿದೆ, ಸುಳ್ಳು ಯಾಕೆ ಹೇಳಲಿ. ಅವಳು ಬಣ್ಣ ಹಾಕಿದ್ದು ಬೇರೆ ಕಡೆ. ಒಂದರಲ್ಲಿ ಹೀರೋ ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಅವಳ ಕಡೆ ತಿರುಗುತ್ತಾನೆ. ಇನ್ನೊಂದರಲ್ಲಿ, ಅವಳಿಗೆ ಚಳಿಯಾಗುತ್ತಿದೆ ಎಂದು ಕೇಳದೆಯೇ ತಿಳಿದು ಎದ್ದು ಕಿಟಕಿ ಹಾಕುತ್ತಾನೆ. ಮೂರನೆಯದರಲ್ಲಿ ಮುನ್ನೂರು ವರ್ಷ ಬದುಕಿ ಲೋಕವೆಲ್ಲ ನೋಡಿದ ವ್ಯಾಂಪೈರ್ ಒಬ್ಬನಿಗೆ ಹುಡುಗಿ ತನ್ನ ಆಫೀಸಿನ ಯಾವುದೋ ಪುಟಗೋಸಿ ಜಗಳ ಹೇಳುತ್ತಿದ್ದಾಳೆ. ಮಧ್ಯದಲ್ಲಿ ಅವನು "ಆಮೇಲೆ?" ಅನ್ನುತ್ತಾನೆ. ಅವಳು ಆ ಒಂದು ಪದಕ್ಕೆ ಮಾತ್ರ ಹಳದಿ ಹಾಕಿದ್ದಾಳೆ.

ಅವತ್ತು ಸ್ಟೇಷನ್ ತಪ್ಪಲಿಲ್ಲ. ಇಳಿದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ.

ಕಾಲೇಜಿನಲ್ಲಿ ಓದಿದ ಕಾರ್ನಾಡರ 'ನಾಗಮಂಡಲ' ನೆನಪಿದೆಯಾ? 1988ರ ನಾಟಕ, ಎ.ಕೆ. ರಾಮಾನುಜನ್ ಹೇಳಿದ ಜಾನಪದ ಕಥೆಗಳಿಂದ ಹುಟ್ಟಿದ್ದು. ಗಂಡ ಅಪ್ಪಣ್ಣ ಹೆಂಡತಿಯನ್ನು ಒಳಗೆ ಹಾಕಿ ಬೀಗ ಜಡಿದು ಹೋಗುತ್ತಾನೆ, ಮಧ್ಯಾಹ್ನ ಊಟಕ್ಕೆ ಮಾತ್ರ ಬರುತ್ತಾನೆ. ರಾತ್ರಿ ನಾಗರಹಾವು ಅವನದೇ ರೂಪದಲ್ಲಿ ಬರುತ್ತದೆ, ಅವಳ ಜೊತೆ ಕೂತು ಮಾತಾಡುತ್ತದೆ. ನಮ್ಮದೇ ಪ್ಯಾರಾನಾರ್ಮಲ್ ರೊಮಾನ್ಸ್, ಅಲ್ವಾ? ಆಗ ನನಗೆ ಅದು ಹಾವಿನ ಕಥೆ ಅನ್ನಿಸಿತ್ತು. ಈಗ ಬೇರೆಯದೇ ಕಾಣುತ್ತಿದೆ. ಆ ಹಾವಿಗೆ ಲೋಕದಲ್ಲಿ ಯಾವ ರೂಪ ಬೇಕಾದರೂ ಇತ್ತು, ರಾಜಕುಮಾರನದ್ದಾದರೂ ಆಗಬಹುದಿತ್ತು. ಅದು ಗಂಡನ ಮುಖವನ್ನೇ ಹಾಕಿಕೊಂಡು ಬಂತು. ಅದೇ ಮೂಗು, ಅದೇ ಮೀಸೆ, ಆದರೆ ಮಾತಾಡುತ್ತದೆ.

ನಾನು ಬೀಗ ಹಾಕುವವನಲ್ಲ ಮಾರಾಯ. ಕರೆಂಟ್ ಬಿಲ್ ಕಟ್ಟುತ್ತೇನೆ, ಗ್ಯಾಸ್ ಬುಕ್ ಮಾಡುತ್ತೇನೆ. ಎರಡು ವರ್ಷದ ಹಿಂದೆ ಅವರಮ್ಮ ತೀರಿಕೊಂಡಾಗ ಆಂಬುಲೆನ್ಸಿನಿಂದ ಹಿಡಿದು ಡೆತ್ ಸರ್ಟಿಫಿಕೇಟಿನವರೆಗೆ ಎಲ್ಲಾ ಓಡಾಡಿದವನು ನಾನೇ. "ಅಳಿಯ ಅಂದ್ರೆ ಹೀಗಿರಬೇಕು" ಎಂದು ಬಂದವರೆಲ್ಲ ಹೇಳಿದರು. ಕಾರ್ಯವೆಲ್ಲ ಮುಗಿದು ಮೂರನೇ ರಾತ್ರಿ ಅವಳು ಹಾಸಿಗೆಯಲ್ಲಿ ಎದ್ದು ಕೂತಿದ್ದಳು. "ನಿದ್ದೆ ಬರ್ತಿಲ್ಲ ರೀ, ಸ್ವಲ್ಪ ಹೊತ್ತು ಮಾತಾಡೋಣ್ವಾ" ಅಂದಳು. ನಾನು "ನಾಳೆ ಮಾತಾಡೋಣ, ಬೆಳಿಗ್ಗೆ ಕಾಲ್ ಇದೆ" ಅಂದೆ. ಸಿಟ್ಟಿನಿಂದ ಹೇಳಿದ್ದಲ್ಲ. ನಿಜವಾಗಿಯೂ ಕಾಲ್ ಇತ್ತು.

ಮೊನ್ನೆ ಬೆಂಚಿನ ಮೇಲೆ ಕೂತು ಹಳೆಯ ಮೇಲ್‌ಗಳನ್ನು ಹುಡುಕಿದೆ. ನಾನು ಕೊಡಿಸಿದ ಕಿಂಡಲ್ ಎಷ್ಟೋ ಕಾಲ ಬೀರುವಿನಲ್ಲೇ ಇತ್ತು. ಅವಳು ಅದರಲ್ಲಿ ಕೊಂಡ ಮೊದಲ ಪುಸ್ತಕದ ಆರ್ಡರ್ ಮೇಲ್ ನನ್ನ ಇನ್‌ಬಾಕ್ಸಿನಲ್ಲೇ ಬಿದ್ದಿತ್ತು, ನಾನು ತೆರೆದಿರಲಿಲ್ಲ. ಅದೇ ರಾತ್ರಿ, 1:40. ನಾನು ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಥೂ, ಏನೇನೋ ಬರೆದೆ. ನಿನ್ನ ಮೂರು ನಗುವ ಮುಖಕ್ಕೆ ಇಷ್ಟೆಲ್ಲ ಉತ್ತರ ಬೇಕಿರಲಿಲ್ಲ.

ಸುಧಾರಿಸಿಕೊಳ್ಳಲು ನೋಡಿದೆ, ನಗಬೇಡ. ಅವಳು ಪಕ್ಕದ ಟೇಬಲಿನವಳ ಕಥೆ ಹೇಳುವಾಗ ಸಮಯ ಕಾದು "ಆಮೇಲೆ?" ಅಂದೆ. ಪೊಲೀಸ್ ವಿಚಾರಣೆಯ ದನಿಯಲ್ಲಿ ಬಂತು. "ಆಮೇಲೆ ಏನು? ಅಷ್ಟೇ" ಎಂದು ಕುಕ್ಕರ್ ಇಳಿಸಲು ಹೋದಳು. ಬಾಯಿ ಬರದವನು ಬೆರಳಿನಲ್ಲಾದರೂ ಹೇಳೋಣ ಎಂದು ಇನ್ನೊಂದು ಉಪಾಯ ಮಾಡಿದೆ. ಅವಳು ಈಗ ಓದುತ್ತಿರುವ ಪುಸ್ತಕದಲ್ಲಿ ನಾಲ್ಕು ಪುಟ ಮುಂದೆ ಹೋಗಿ ಒಂದು ಒಳ್ಳೆಯ ಸಾಲಿಗೆ ನಾನೂ ಹಳದಿ ಹಾಕುವುದು. ಮೂರು ದಿನ ಹುಡುಕಿ ಸಾಲು ಆರಿಸಿದೆ. ಮೆಜೆಸ್ಟಿಕ್ಕಿನ ನೂಕುನುಗ್ಗಲಿನಲ್ಲಿ ಯಾರದೋ ಬ್ಯಾಗು ತಗುಲಿ ಬೆರಳು ಜಾರಿತು. ಸರಿಮಾಡುವಷ್ಟರಲ್ಲಿ ಬಾಗಿಲು ತೆರೆದು ಜನ ನನ್ನನ್ನು ಒಳಗೆ ತಳ್ಳಿದರು, ಆಮೇಲೆ ಮರೆತೇಹೋಯಿತು.

ರಾತ್ರಿ ಅವಳು ಕನ್ನಡಕದ ಮೇಲಿನಿಂದ ನೋಡಿ ಕೇಳಿದಳು. "ರೀ, ತೋಳ ಮೈ ಕೊಡವಿಕೊಳ್ತು ಅನ್ನೋದಕ್ಕೆ ಗೆರೆ ಹಾಕಿದ್ದು ನೀವಾ?"

"ಕೈ ತಗುಲ್ತು" ಅಂದೆ.

"ಮೆಟ್ರೋದಲ್ಲಿ ಓದ್ತೀರಾ? ಸೀಟ್ ಸಿಗತ್ತಾ?"

ಮೆಜೆಸ್ಟಿಕ್ಕಿನಲ್ಲಿ ಸಿಗಲ್ಲ, ಇಂದಿರಾನಗರದ ಹತ್ತಿರ ಒಂದೊಂದು ಸಲ ಸಿಗುತ್ತದೆ, ಕೊನೆಯ ಬೋಗಿಯಾದರೆ ಸ್ವಲ್ಪ ವಾಸಿ ಎಂದೆಲ್ಲ ವಿವರಿಸಿದೆ. ಯಾವ ಬಾಗಿಲಿನ ಹತ್ತಿರ ನಿಲ್ಲಬೇಕೆಂದು ಕೇಳಿದಳು, ಅದನ್ನೂ ಹೇಳಿದೆ. ಹತ್ತು ನಿಮಿಷ ಬರೀ ಸೀಟಿನ ವಿಷಯ. ಫೋನ್ ಮಗುಚಿಡಲು ಮರೆತಿದ್ದೆ.

ಈಗ ಇಲ್ಲಿ ರಾತ್ರಿ 11:30, ನಿನಗೆ ಆಗಲೇ ನಾಳೆ ಬೆಳಿಗ್ಗೆ ಆರು. ಅವಳೊಬ್ಬಳಿಗೆ ಕಾಣದಂತೆ ಇದನ್ನು ಹಾಕುವುದು ಹೇಗೆಂದು ಸೆಟಿಂಗ್ಸ್ ಹುಡುಕುತ್ತಿದ್ದೇನೆ, ಸಿಕ್ಕಿಲ್ಲ. ಸಿಕ್ಕರೂ ನಿನ್ನ ತಂಗಿ ಓದಿ ಐದು ನಿಮಿಷಕ್ಕೆ ಫೋನ್ ಮಾಡುತ್ತಾಳೆ, ಗೊತ್ತು. ಡಿಸೆಂಬರಿನಲ್ಲಿ ಬರುವಾಗ ಆ ಗಟ್ಟಿ ಚಾಕಲೇಟ್ ತರಬೇಡ, ಎರಡು ನಳಿನಿ ಸಿಂಗ್ ತಾ. ಕಾಗದದ್ದೇ ಬೇಕು, ಗೆರೆ ಹಾಕಲು ಪೆನ್ಸಿಲ್ ನನ್ನ ಹತ್ತಿರ ಇದೆ. ಹಸಿರು ಕೊಡೆಯನ್ನೂ ವಾಪಸ್ ತಾ. ಅದು ನಮ್ಮಮ್ಮನದು ಕಣೋ, ಮೂವತ್ತು ವರ್ಷ ಆಯಿತು.

ನಿನ್ನ,
ಭಾ