ಯೂರಿಯಾ ಲೆಕ್ಕವನ್ನೂ ನೋಡಿ

ಮಾನ್ಯರೇ,

ರದ್ದಿ ಕಾಗದ ಕರಗಿಸುವ ಗಿರಣಿಗಳ ನೀರಿನ ಮಾತು ಬಂದಾಗಲೆಲ್ಲ ನಮ್ಮಲ್ಲಿ ಬಣ್ಣ, ನೊರೆಯದ್ದೇ ಚರ್ಚೆ. ತೊಂದರೆ ಹೆಚ್ಚಾಗಿ ಹುಟ್ಟುವುದು ಗಾಳಿ ಊದುವ ಟ್ಯಾಂಕಿನಲ್ಲಿ. ನಾರನ್ನು ಸೋಸಿ ತೆಗೆದರೂ ರದ್ದಿಯಲ್ಲಿದ್ದ ಪಿಷ್ಟ ಕರಗಿ ನೀರಲ್ಲೇ ಉಳಿಯುತ್ತದೆ. ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳಿಗೆ ಸಾರಜನಕ, ರಂಜಕ ಬೇಕು. ಈ ನೀರಲ್ಲಿ ಎರಡೂ ತೀರಾ ಕಡಿಮೆ. ರೂಢಿಯ ಲೆಕ್ಕ 100 ಕಿಲೊ ಬಿಒಡಿಗೆ (ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) 5 ಕಿಲೊ ಸಾರಜನಕ, 1 ಕಿಲೊ ರಂಜಕ. ಅಂದರೆ ಸಾರಜನಕಕ್ಕಾಗಿ ಹಾಕುವ ಯೂರಿಯಾವೇ ಸುಮಾರು 11 ಕಿಲೊ. ಖರ್ಚು ಉಳಿಸಲು ಇದನ್ನು ಕಡಿತ ಮಾಡಿದರೆ ದಾರದಂಥ ಬ್ಯಾಕ್ಟೀರಿಯಾ ಹಬ್ಬಿ, ಬ್ಯಾಕ್ಟೀರಿಯಾ ಗುಂಪುಗೂಡಿದ ಕೆಸರು ತಳ ಸೇರದೆ ಹತ್ತಿಯಂತೆ ಉಬ್ಬಿ, ತೊಟ್ಟಿಯ ಅಂಚು ದಾಟಿ ಹೊಳೆಗೆ ಬೀಳುತ್ತದೆ. ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಇಳಿದರೂ ಇದೇ ಗತಿ. ಮಳೆಗಾಲದಲ್ಲಿ ಕರೆಂಟು ಹೋಗುವ ನಮ್ಮ ಜಿಲ್ಲೆಯಲ್ಲಿ ಗಾಳಿ ಊದುವ ಬ್ಲೋವರಿಗೆ ಜನರೇಟರ್ ಇರಲೇಬೇಕು.

ಬಿಒಡಿ ವರದಿಗೆ 3 ದಿನ ಕಾಯಬೇಕು. ಗಾಳಿ ಊದುವ ಟ್ಯಾಂಕಿನ ನೀರು ತುಂಬಿದ ಒಂದು ಲೀಟರಿನ ಅಳತೆ ಜಾಡಿ 30 ನಿಮಿಷದಲ್ಲೇ ಸುಳಿವು ಕೊಡುತ್ತದೆ: ತಳಕ್ಕೆ ಕೂತ ಕೆಸರಿನ ಮಿಲಿಲೀಟರನ್ನು ಆ ನೀರಿನ ಒಣ ಘನದ ಗ್ರಾಂನಿಂದ ಭಾಗಿಸಿ. 150 ದಾಟಿದರೆ ಅಪಾಯ.

ಕಾಳಿ ನದಿ ದಂಡೆಯ ತಪಾಸಣೆಯಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು ಹೊರಬಿಡುವ ನೀರಿನ ಬಾಟಲಿ ತುಂಬಿಕೊಂಡು ಹೋಗುವುದಷ್ಟೇ ಅಲ್ಲ, ಈ ಜಾಡಿಯ ದಿನವಹಿಯನ್ನೂ ಯೂರಿಯಾ ಖಾತೆಯನ್ನೂ ತೆರೆಸಿ ನೋಡಲಿ.

– ನೀರು ಶುದ್ಧೀಕರಣ ಕೆಲಸಗಾರರು, ಕಾರವಾರ