ಉಟ್ಟು ವಾಪಸ್ ಕಳಿಸಿದ ಸೀರೆ

ದಾವಣಗೆರೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಒಂದು ಸಾಲು ಮೂರು ದಿನದಿಂದ ತಲೆ ಕೊರೆಯುತ್ತಿದೆ. ‘ಆ್ಯಪ್‌ನಲ್ಲಿ ತರಿಸಿದ ಸೀರೆ ಮದುವೆಗೆ ಉಟ್ಟು, ಬಣ್ಣ ಬೇರೆ ಬಂದಿದೆ ಅಂತ ಹಾಕಿ ವಾಪಸ್ ಕಳಿಸಿದೆ, ದುಡ್ಡೂ ಬಂತು. ಇದಕ್ಕೂ ಮೋಸ ಅಂತಾರಾ ದೊಡ್ಡಪ್ಪ?’

ಅಂತಾರೆ ಮಗಳೇ. ವಾಪಸ್ ಕೊಟ್ಟಿದ್ದು ಮೋಸವಲ್ಲ. ಉಡದೆ, ಅವರು ಹೇಳಿದ ದಿನಗಳೊಳಗೆ ‘ಹಿಡಿಸಲಿಲ್ಲ’ ಅಂತ ಕಳಿಸಿದ್ದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಉಟ್ಟಿದ್ದನ್ನು ಮುಚ್ಚಿಟ್ಟು, ಇಲ್ಲದ ಕಾರಣ ಒತ್ತಿ ದುಡ್ಡು ತರಿಸಿಕೊಂಡೆಯಲ್ಲ, ತಪ್ಪು ಅಲ್ಲಿದೆ. ನಾವು ನಾನೂರಿಪ್ಪತ್ತು ಅನ್ನುತ್ತಿದ್ದ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 318ರೊಳಗೆ ಸೇರಿದೆ. ಅಪ್ರಾಮಾಣಿಕವಾಗಿ ವಿಷಯ ಮುಚ್ಚಿಡುವುದೂ ವಂಚನೆಯೇ ಅಂತ ಅದರ ವಿವರಣೆ ಹೇಳುತ್ತದೆ. ಹಾಗೆ ವಂಚಿಸಿ ಸ್ವತ್ತು ಪಡೆದರೆ ಏಳು ವರ್ಷದವರೆಗೂ ಶಿಕ್ಷೆ, ಜೊತೆಗೆ ದಂಡ. ಒಂದು ಸೀರೆಗೆ ಪೊಲೀಸರು ಬಾಗಿಲಿಗೆ ಬರುತ್ತಾರೆ ಅಂತ ಹೆದರಿಸುತ್ತಿಲ್ಲ. ನನ್ನ ಹೆದರಿಕೆ ‘ಇದಕ್ಕೂ’ ಅಂತ ಬರೆದೆಯಲ್ಲ, ಆ ಮಾತಿನದು.

ಉಟ್ಟ ಸೀರೆ ಮುಟ್ಟಿದರೆ ಗೊತ್ತಾಗುತ್ತದೆ. ಎಡ ಹೆಗಲಿಗೆ ಬರುವ ಜಾಗವನ್ನು ಬೆಳಕಿಗೆ ಹಿಡಿದರೆ ಪಿನ್ನಿನ ಎರಡು ತೂತು. ರೇಷ್ಮೆಯಾದರೆ ಎಳೆ ಜಗ್ಗಿ ಗೆರೆಯೇ ಬಿದ್ದಿರುತ್ತದೆ. ಕೆಳ ಅಂಚಿನಲ್ಲಿ ಧೂಳು, ಸೆರಗಿನಲ್ಲಿ ಬೆವರು, ಸೆಂಟಿನ ವಾಸನೆ. ಫಾಲ್ ಹಚ್ಚಿ ಬಿಚ್ಚಿದ್ದರೆ ಉದ್ದಕ್ಕೂ ಸೂಜಿಯ ಗುರುತು. ಅಂಥ ಸೀರೆ ಹೊಸದರ ಬೆಲೆಗೆ ಹೋಗುವುದಿಲ್ಲ. ನಾನು ಸೀರೆ ಅಂಗಡಿಯ ಗಲ್ಲೆಯಲ್ಲಿ ಕೂತಿದ್ದ ಕಾಲದಲ್ಲಿ ಗಿರಾಕಿ ಮುಖ ನೋಡಿ ಅಂಥವನ್ನು ವಾಪಸ್ ತಗೊಂಡು, ನಷ್ಟವನ್ನು ಕೌಂಟರ್ ಹುಡುಗರ ಸಂಬಳದಲ್ಲಿ ಹಿಡಿದಿದ್ದೇನೆ. ಹಾಗೆ ಮಾಡಬಾರದಿತ್ತು.

ಅದಕ್ಕೇ ‘ಅಷ್ಟು ದೊಡ್ಡ ಕಂಪನಿಗೆ ಏನು ನಷ್ಟ’ ಅಂದ ನಿನ್ನ ರೂಮಿನವಳ ಮಾತು ಓದಿ ನಿದ್ದೆ ಬರಲಿಲ್ಲ. ಬಿಲ್ ತೆಗೆದು ನೋಡು. ಆ್ಯಪ್ ಹೆಸರು ಎಷ್ಟೇ ದೊಡ್ಡದಿರಲಿ, ಮಾರಿದವರ ಹೆಸರು, ವಿಳಾಸ, ಜಿಎಸ್‌ಟಿ ನಂಬರ್ ಬೇರೆ ಇರುತ್ತದೆ. ಎಷ್ಟೋ ಸಲ ಸೂರತ್ತಿನ ಯಾವುದೋ ಸಣ್ಣ ಅಂಗಡಿಯದು.

ಹೀಗೆ ಮಾಡು ಅನ್ನಲು ನಾನು ಎಷ್ಟರವನೋ. ಆದರೂ ಆರ್ಡರ್ ನಂಬರ್ ಹಾಕಿ ಕಸ್ಟಮರ್ ಕೇರ್‌ಗೆ ಬರೆ: ಸೀರೆ ಉಟ್ಟಿದ್ದೆ, ಕಾರಣ ತಪ್ಪು ಕೊಟ್ಟಿದ್ದೆ, ಹಣ ಎಲ್ಲಿಗೆ ಕಟ್ಟಲಿ ಅಂತ. ಫೋನಿನಲ್ಲಿ ಬೇಡ, ದಾಖಲೆ ಉಳಿಯುವುದಿಲ್ಲ. ಅವರಿಂದ ದಾರಿ ಸಿಗದಿದ್ದರೆ ಬಿಲ್ಲಿನ ವಿಳಾಸಕ್ಕೆ ಬರೆ. ಖಾತೆ ಬಂದ್ ಮಾಡಿದರೂ ಮಾಡಬಹುದು, ಮಾಡಲಿ. ಪಾಸ್‌ವರ್ಡ್ ಬದಲಿಸು, ರೂಮಿನವಳ ರಿಟರ್ನ್ ಯಾವುದೂ ನಿನ್ನ ಹೆಸರಿನಲ್ಲಿ ಹೋಗಬಾರದು.

ಹಾಗಂತ ಹರಿದ ಮಾಲು ಬಂದರೆ ಸುಮ್ಮನಿರಬೇಡ. ಬಿಲ್ಲಿನಲ್ಲಿ ಅವಧಿ ಬರೆಯದಿದ್ದರೂ ದೋಷವಿರುವ ಮಾಲನ್ನು 30 ದಿನದೊಳಗೆ ವಾಪಸ್ ತಗೊಳ್ಳಬೇಕು ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡು. ಪಾರ್ಸೆಲ್ ಬಿಚ್ಚುವಾಗ ಲೇಬಲ್ಲಿನಿಂದ ಶುರು ಮಾಡಿ, ಎಲ್ಲೂ ನಿಲ್ಲಿಸದೆ ವಿಡಿಯೊ ತೆಗೆ.

ಸೀರೆಯ ಬೆಲೆ ನೀನು ಬರೆಯಲಿಲ್ಲ. ಈ ತಿಂಗಳು ಕಷ್ಟವಾದರೆ ಹೇಳು, ನಾನು ಕಳಿಸುತ್ತೇನೆ. ಅವರ ಉತ್ತರ ಬಂದ ದಿನ ನನಗೂ ಒಂದು ಪ್ರತಿ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ